ಮೂರನೇ ಸಲ ಕೇಳಿದಾಗ ಬರುವ ಉತ್ತರ

"ಎಷ್ಟು ಸಲ ಹೇಳ್ಬೇಕು ಸಾರ್? ಆಗಲೇ ಆ ಹುಡುಗಿಗೆ ಹೇಳಿದೆ, ಆಮೇಲೆ ಈ ಹುಡುಗನಿಗೆ ಹೇಳಿದೆ. ನೀವು ಒಬ್ರಿಗೊಬ್ರು ಮಾತಾಡ್ಕೊಳಲ್ವಾ?"

ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಯಾರಿಗೇ ಆದರೂ ಪ್ರಾಣಿ ತಂದವರ ಈ ಮಾತು ಬಾಯಿಪಾಠ. ನಾನೂ ಅಂಥದ್ದೊಂದು ಕಾಲೇಜಿನಲ್ಲಿ ಓದಿ, ಕೆಲವು ವರ್ಷ ಅಲ್ಲೇ ಕಲಿಸಿ, ಈಗ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಹೆಬ್ಬಾಳದ ಕಾಲೇಜು 1958ರದ್ದು. ಬೀದರ್, ಶಿವಮೊಗ್ಗ, ಹಾಸನದಲ್ಲೂ ಇವೆ. ಎಲ್ಲವೂ ಬೀದರಿನ ಪಶು ವಿಶ್ವವಿದ್ಯಾಲಯದ ಕೈಕೆಳಗೆ. ನಾನಿದ್ದದ್ದು ಎಲ್ಲಿ ಅನ್ನುವುದು ಇಲ್ಲಿ ಬೇಡ ಬಿಡಿ.

ನನ್ನ ಕೈಮೀರಿದ ಕೇಸ್‌ಗಳನ್ನು ಈಗಲೂ ಕಾಲೇಜಿಗೇ ಕಳಿಸುತ್ತೇನೆ. ಹೋಗಿ ಬಂದವರು ನನ್ನ ಮುಂದೆ ಕೂತು ದೂರು ಹೇಳುತ್ತಾರೆ. ತುಂಬಾ ಕಾಯಿಸಿದರು ಅಂತಾರೆ. ನಿಜ, ನಾನು ವಾದ ಮಾಡುವುದಿಲ್ಲ. ಚೀಟಿಗೊಂದು ಕ್ಯೂ, ಸ್ಕ್ಯಾನಿಂಗಿಗೆ ಇನ್ನೊಂದು ಕ್ಯೂ. ಅದೂ ನಿಜ. ಆದರೆ "ಬರೀ ಸ್ಟೂಡೆಂಟ್ಸ್ ನೋಡಿದರು, ಕೇಳಿದ್ದನ್ನೇ ಕೇಳಿದರು" ಅಂದಾಗ ಮಾತ್ರ ಸುಮ್ನಿರಲು ನನ್ನಿಂದ ಆಗುವುದಿಲ್ಲ.

ಅಲ್ಲಿ ಸ್ಟೂಡೆಂಟ್ ಅಂದರೆ ಒಂದೇ ಜಾತಿಯಲ್ಲ. ಪದವಿಯೇ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ನೋಟ್‌ಬುಕ್ ಹಿಡಿದು ಮೊದಲು ಬರುವವಳು ಇನ್ನೂ ಓದುತ್ತಿರುವವಳು. ಥರ್ಮಾಮೀಟರ್ ಹಿಡಿದವನು ಇಂಟರ್ನ್. ಆಮೇಲೆ ಬರುವ, ಪದವಿ ಮುಗಿಸಿ ಮುಂದಕ್ಕೆ ಓದುತ್ತಿರುವ ಎಂ.ವಿ.ಎಸ್‌ಸಿ. ಹುಡುಗ ಆಗಲೇ ಡಾಕ್ಟರ್. ನಿಮ್ಮ ಬೀದಿಯಲ್ಲಿ ಕ್ಲಿನಿಕ್ ತೆರೆಯಲು ಬೇಕಾದ ಡಿಗ್ರಿ ಅವನ ಕೈಯಲ್ಲಿದೆ. ಹೊಸಬರು ತಡವರಿಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಇಂಟರ್ನ್ ಆಗಿದ್ದಾಗ ಒಂದು ಪೊಮೆರೇನಿಯನ್‌ಗೆ ರಕ್ತನಾಳ ಸಿಗದೆ ಮೂರು ಸಲ ಚುಚ್ಚಿದವನು ನಾನೇ. ಅದನ್ನು ಹಿಡಿದುಕೊಂಡಿದ್ದ ಅಜ್ಜಿ "ನಿಧಾನಕ್ಕೆ ಮಾಡಪ್ಪ, ಬಸ್ಸು ಸಂಜೆಗಿದೆ" ಅಂದಿದ್ದರು. ಆ ಅಜ್ಜಿಯ ಪುಣ್ಯದಿಂದ ನನಗೆ ಸೂಜಿ ಹಿಡಿಯಲು ಬಂತು.

ಈಗ ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಒಂದು ಬೆಕ್ಕಿನ ಕಥೆ ಹೇಳಿದರೆ ಬೇಗ ಅರ್ಥವಾಗುತ್ತದೆ.

ಬೂದು ಬಣ್ಣದ ಗಂಡು ಬೆಕ್ಕು, ನಾಲ್ಕು ಕೆಜಿ ಇತ್ತು. ತರಕಾರಿ ಬುಟ್ಟಿಯಲ್ಲಿ ಟವೆಲ್ ಹಾಸಿ ತಂದಿದ್ದರು. ಮುಖ ಊದಿತ್ತು, ಮುಂಗಾಲಿನ ಪಾದಗಳೂ ಊದಿದ್ದವು. ಒಸಡು ಕೆಸರಿನ ಬಣ್ಣ. ವಿದ್ಯಾರ್ಥಿನಿ ಫಾರಂ ನೋಡಿಕೊಂಡು ಕೇಳಿದಳು: "ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ರಾ?" ಇಲ್ಲ. ಎಂ.ವಿ.ಎಸ್‌ಸಿ. ಹುಡುಗ ಕೇಳಿದ. "ಇಲ್ಲ ಅಂದ್ನಲ್ಲ." ರಕ್ತ ತೆಗೆದರೆ ಸಿರಿಂಜಿನಲ್ಲಿ ಬಂದದ್ದು ಕೆಂಪಲ್ಲ, ಕಾಫಿ ಡಿಕಾಕ್ಷನ್. ನಾನು ಹೋಗಿ ಕೇಳಿದೆ: "ಇದಕ್ಕೆ ಜ್ವರ ಬಂದಿತ್ತಾ?" ಮೊನ್ನೆ ಮೈ ಬಿಸಿ ಇತ್ತು ಸಾರ್. "ಆಗ ಏನು ಮಾಡಿದ್ರಿ?" ಅರ್ಧ ಪ್ಯಾರಾಸಿಟಮಾಲ್ ಹಾಕಿದ್ವಿ. 650ರದ್ದು. "ಔಷಧಿ ಕೊಟ್ಟಿಲ್ಲ ಅಂದ್ರಲ್ಲ?"

"ಅಯ್ಯೋ, ಅದೇನ್ ಔಷಧಿ ಸಾರ್. ಮಕ್ಕಳಿಗೂ ಅದನ್ನೇ ಕೊಡ್ತೀವಲ್ಲ."

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ನಮ್ಮ ಮನೆಗಳಲ್ಲಿ ಪ್ಯಾರಾಸಿಟಮಾಲ್ ಔಷಧಿಯಲ್ಲ. ಅರಿಶಿನ ಔಷಧಿಯಲ್ಲ, ಅಜ್ಜಿಯ ಕಷಾಯ ಔಷಧಿಯಲ್ಲ, ಮೆಡಿಕಲ್ ಶಾಪಿನವನು ಕೊಟ್ಟ ಸಣ್ಣ ಬಿಳಿ ಮಾತ್ರೆ ಕೂಡ ಔಷಧಿಯಲ್ಲ. ಡಾಕ್ಟರ್ ಬರೆದು ಕೊಟ್ಟದ್ದು ಮಾತ್ರ ಔಷಧಿ. ಹಾಗಾಗಿ ಮೊದಲ ಪ್ರಶ್ನೆಗೆ ಪ್ರಾಮಾಣಿಕ ಉತ್ತರ "ಇಲ್ಲ". ಎರಡನೆಯವನು ಬೇರೆ ಮಾತಿನಲ್ಲಿ ಕೇಳುತ್ತಾನೆ. ಮೂರನೆಯವರು ರಕ್ತ ನೋಡಿ, ಒಸಡು ನೋಡಿ, ಮನಸ್ಸಿನಲ್ಲಿ ಒಂದು ಅನುಮಾನ ಇಟ್ಟುಕೊಂಡು ಕೇಳುತ್ತಾರೆ. ನಿಮ್ಮ ಕಿವಿಗೆ ಮೂರೂ ಒಂದೇ ಪ್ರಶ್ನೆ. ಅಷ್ಟು ಹೊತ್ತಿಗೆ ನಿಮಗೂ ಒಂದಿಷ್ಟು ನೆನಪಾಗಿರುತ್ತದೆ. ಕ್ಯೂನಲ್ಲಿ ಕೂತಾಗ ಹೆಂಡತಿ ಮೊಣಕೈಯಲ್ಲಿ ತಿವಿದು "ಅದನ್ನ ಹೇಳಿದ್ರಾ?" ಅಂದಿರುತ್ತಾರೆ. ಕಿರಿಕಿರಿಯಾಗಿ ಉತ್ತರವನ್ನು ಚಿಕ್ಕದು ಮಾಡಿದಿರೋ, ಹೋಯಿತು.

ಮನುಷ್ಯರ ಲಿವರ್ ಪ್ಯಾರಾಸಿಟಮಾಲನ್ನು ಕಳೆಯುವ ಮುಖ್ಯ ದಾರಿ ಬೆಕ್ಕಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿದ ವಿಷ ರಕ್ತಕಣಗಳನ್ನು ಕೆಡಿಸುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಆ ಬೆಕ್ಕು ಉಳಿಯಿತು. ಎಲ್ಲವೂ ಉಳಿಯುವುದಿಲ್ಲ.

ನಾಯಿಗಳಲ್ಲಿ ನನ್ನ ಪಾಲಿನ ಶನಿ ಆ ಸಣ್ಣ ಬಿಳಿ ಮಾತ್ರೆ. ತುರಿಕೆಗೆ ಅಂತ ಕೊಟ್ಟ ಪ್ರೆಡ್ನಿಸೋಲೋನ್, ಅಂದರೆ ಸ್ಟಿರಾಯ್ಡ್. ಎರಡೇ ದಿನಕ್ಕೆ ತುರಿಕೆ ಮಾಯ, ಮನೆಯವರಿಗೆ ಖುಷಿ. ಆಮೇಲೆ ನಾಯಿ ಬಕೆಟ್ಟುಗಟ್ಟಲೆ ನೀರು ಕುಡಿದು ಮನೆ ತುಂಬ ಉಚ್ಚೆ ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ಲಿವರಿನ ಎಎಲ್‌ಪಿ ಅನ್ನುವ ಅಂಶ ಏರಿರುತ್ತದೆ. ಮಾತ್ರೆಯ ವಿಷಯ ಗೊತ್ತಿಲ್ಲದಿದ್ದರೆ ಇಲ್ಲದ ಲಿವರ್ ಕಾಯಿಲೆ ಹುಡುಕುತ್ತಾ ನಿಮ್ಮ ದುಡ್ಡೂ ನಮ್ಮ ಹೊತ್ತೂ ಹಾಳು. ಇನ್ನೂ ಕೆಟ್ಟದ್ದು ಅಂದರೆ, ಕುಂಟುತ್ತಿದೆ ಅಂತ ನಾವು ಅದರ ಮೇಲೆ ಮೆಲಾಕ್ಸಿಕಾಮ್ ಅನ್ನುವ ನೋವಿನ ಮದ್ದು ಬರೆದುಬಿಡುವುದು. ಎರಡೂ ಸೇರಿದರೆ ಹೊಟ್ಟೆಯೊಳಗೆ ಹುಣ್ಣಾಗಬಹುದು, ಡಾಂಬರಿನಂಥ ಕಪ್ಪು ಮಲ ಹೋಗಬಹುದು. ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ ಇದೇ ಪಾಡು. ಹಿಂದಿನ ಸಲ ಉಳಿದಿದ್ದ ಡಾಕ್ಸಿಸೈಕ್ಲಿನ್ ಆಂಟಿಬಯಾಟಿಕ್ ನಾಲ್ಕು ದಿನ ಕೊಟ್ಟು ಬಂದಿರುತ್ತಾರೆ, ರೋಗಾಣು ಹುಡುಕುವ ಪಿಸಿಆರ್ ಟೆಸ್ಟಿನಲ್ಲಿ ಏನೂ ಇಲ್ಲ ಅಂತ ಬರಬಹುದು. ರೋಗ ಮಾತ್ರ ಒಳಗೇ ಇದ್ದೀತು. ಎಲ್ಲ ನಾಯಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ಆಗುವ ನಾಯಿ ನಿಮ್ಮದಲ್ಲ ಅಂತ ಯಾರು ಹೇಳಬೇಕು?

ರೈತರ ಹತ್ತಿರ ಈ ಕಷ್ಟ ಕಡಿಮೆ. ಅದೇ ಆಸ್ಪತ್ರೆಯ ಇನ್ನೊಂದು ಬದಿಗೆ ಟೆಂಪೋದಲ್ಲಿ ಹಸು ತರುತ್ತಾರಲ್ಲ, ಅವರನ್ನು ಕೇಳಿ ನೋಡಿ. "ಮೂರು ದಿನದಿಂದ ಮೆಲುಕು ಹಾಕಿಲ್ಲ. ನಿನ್ನೆ ಬೆಳಗ್ಗೆ ಸಗಣಿ ಗಟ್ಟಿ ಇತ್ತು, ಸಂಜೆ ಹಾಕಲೇ ಇಲ್ಲ. ಹಾಲು ಅರ್ಧಕ್ಕರ್ಧ ಇಳೀತು. ಶುಂಠಿ, ಓಂಕಾಳು ಅರೆದು ಕುಡಿಸಿದ್ವಿ." ಇನ್ನೇನು ಬೇಕು? ಅಪಾರ್ಟ್‌ಮೆಂಟಿನವರನ್ನು ಕೇಳಿದರೆ "ಮೋಶನ್ ನಾರ್ಮಲ್ ಅನ್ಸುತ್ತೆ" ಅಂತಾರೆ. ಅನ್ಸುತ್ತೆ! ಪ್ಲಾಸ್ಟಿಕ್ ಕವರಿನಲ್ಲಿ ದಿನಾ ಎತ್ತುವವರು ಇವರೇ ಅಲ್ವಾ? ಅಲ್ಲ, ಎಷ್ಟೋ ಮನೆಗಳಲ್ಲಿ ಎತ್ತುವವರು ಬೇರೆಯವರು. ತೊಡಕು ಇರುವುದೂ ಅಲ್ಲೇ. ನಾಯಿಯನ್ನು ಕಾರಿನಲ್ಲಿ ತರುವವರಿಗೆ ನಾಯಿಯ ವಿಷಯ ಗೊತ್ತಿರುವುದಿಲ್ಲ.

ಒಂದು ಲ್ಯಾಬ್ರಡಾರ್ ಬಂದಿತ್ತು, ಬ್ರೂನೋ ಅಂತ. ವಯಸ್ಸು ಒಂಬತ್ತು, ವಾಂತಿಯಲ್ಲಿ ರಕ್ತ. ಯಜಮಾನರು ಸಾಫ್ಟ್‌ವೇರಿನವರು, ಊಟದ ಲೆಕ್ಕವನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿಟ್ಟಿದ್ದರು. ತಿಂಗಳುಗಟ್ಟಲೆಯ ಲೆಕ್ಕ, ಗ್ರಾಂ ಸಮೇತ. ಔಷಧಿ ಕಾಲಂ ಖಾಲಿ. ಮೂರು ಜನ ಕೇಳಿದೆವು, ಮೂರು ಸಲವೂ "ನಥಿಂಗ್". ನಮಗೆ ಇಲಿ ಪಾಷಾಣದವರೆಗೂ ಅನುಮಾನ ಹೋಗಿತ್ತು.

ಕೊನೆಯ ವರ್ಷದ ಒಬ್ಬ ಹುಡುಗಿ ಎಲ್ಲಿಗೋ ಹೋದವಳು ಹತ್ತು ನಿಮಿಷ ಬಿಟ್ಟು ಬಂದಳು. ಹೊರಗೆ ಬೇವಿನ ಮರದ ಕೆಳಗೆ ನಾಯಿಯ ಬೆಲ್ಟು, ನೀರಿನ ಬಾಟಲಿ ಹಿಡಿದು ಮನೆಕೆಲಸದ ಅಕ್ಕ ಕೂತಿದ್ದರಂತೆ. "ದಿನಾ ಬೆಳಿಗ್ಗೆ ದೊಡ್ಡಮ್ಮಾವ್ರು ಬೆಣ್ಣೆ ಬಿಸ್ಕತ್ತಲ್ಲಿ ಇಟ್ಟು ಒಂದು ಮಾತ್ರೆ ಕೊಡ್ತಾರೆ ಮೇಡಂ. ಅವ್ರ ಮಂಡಿನೋವಿಂದು." ಡೈಕ್ಲೋಫೆನಾಕ್. ಸತ್ತ ದನ ತಿನ್ನುವ ರಣಹದ್ದುಗಳನ್ನು ಕೊಲ್ಲುತ್ತದೆ ಅಂತ 2006ರಲ್ಲಿ ನಮ್ಮ ದೇಶದಲ್ಲಿ ದನಗಳ ಚಿಕಿತ್ಸೆಯಿಂದ ತೆಗೆದುಹಾಕಿದರಲ್ಲ, ಅದೇ ಮದ್ದು. ನಾಯಿಯ ಹೊಟ್ಟೆಗೂ ಕಿಡ್ನಿಗೂ ಅದು ಆಗಿಬರುವುದಿಲ್ಲ.

ಹಾಗಾಗಿ ಬರುವಾಗ ಮಾತ್ರೆಯ ಶೀಟು ತನ್ನಿ. ಕಸದ ಬುಟ್ಟಿಯಲ್ಲಿದ್ದರೂ ಎತ್ತಿಕೊಂಡು ಬನ್ನಿ, ನಮಗೆ ಅಸಹ್ಯವಿಲ್ಲ. ದಿನಾ ಅನ್ನ ಹಾಕುವವರನ್ನು ಜೊತೆಗೆ ಕರೆತನ್ನಿ, ಆಗದಿದ್ದರೆ ಅವರ ನಂಬರಾದರೂ ಇಟ್ಟುಕೊಳ್ಳಿ.

ಬ್ರೂನೋ ಯಜಮಾನರು ಅಲ್ಲೇ ನಿಂತು ತಾಯಿಗೆ ಫೋನ್ ಹಚ್ಚಿದರು. ಸ್ಪೀಕರ್ ಆನ್ ಆಗಿತ್ತು.

"ಅಮ್ಮ, ಬ್ರೂನೋಗೆ ಮಾತ್ರೆ ಕೊಡ್ತಿದ್ಯಾ ನೀನು?"

"ಹೂಂ ಕಣೋ, ಪಾಪ ಮೆಟ್ಟಿಲು ಹತ್ತೋಕೆ ಒದ್ದಾಡ್ತಿತ್ತು."

"ಮತ್ತೆ ನಂಗ್ಯಾಕೆ ಹೇಳಿಲ್ಲ?"

"ನೀನೆಲ್ಲಿ ಕೇಳ್ದೆ?"