ಕಚ್ಚಿದವರು ಇಬ್ಬರು: ಒಬ್ಬರಿಗೆ ಹಳದಿ ಕಾರ್ಡ್, ಇನ್ನೊಬ್ಬರಿಗೆ ಹತ್ತು ಪಂದ್ಯ ನಿಷೇಧ

ಓದುಗರ ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಒಬ್ಬ ಆಟಗಾರನನ್ನು ಮೂರ್ನಾಲ್ಕು ಪಂದ್ಯ ಹೊರಗೆ ಕೂರಿಸುತ್ತಾರೆ. ಅದೇ ತಪ್ಪನ್ನು ಇನ್ನೊಬ್ಬ ಮಾಡಿದರೆ ಹಳದಿ ಕಾರ್ಡ್‌ಗೆ ಮುಗಿಯುತ್ತದೆ, ಕೆಲವು ಸಲ ಅದೂ ಇಲ್ಲ. ನಿಯಮ ಎಲ್ಲರಿಗೂ ಒಂದೇ ಅಲ್ಲವೇ?

ಉತ್ತರ: ನಿಯಮ ಒಂದೇ. ಆದರೂ ಶಿಕ್ಷೆ ಬೇರೆಬೇರೆಯಾಗುತ್ತದೆ. ಇದಕ್ಕೆ ದೊಡ್ಡ ಕಾರಣ, ಆ ಗಳಿಗೆಯಲ್ಲಿ ರೆಫರಿ ಅದನ್ನು ನೋಡಿದರೇ ಇಲ್ಲವೇ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿರುವುದು. ಇಂಗ್ಲೆಂಡಿನ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ.

2006ರ ಅಕ್ಟೋಬರ್. ಟಾಟನ್‌ಹ್ಯಾಮ್ ಮತ್ತು ವೆಸ್ಟ್ ಹ್ಯಾಮ್ ನಡುವಿನ ಪಂದ್ಯದಲ್ಲಿ ಹವಿಯೆರ್ ಮಸ್ಕೆರಾನೊ ಟ್ಯಾಕಲ್ ಮಾಡಿ ಕೆಡವಿದ ಸಿಟ್ಟಿಗೆ ಟಾಟನ್‌ಹ್ಯಾಮ್‌ನ ಜರ್ಮೇನ್ ಡೆಫೊ ಮಸ್ಕೆರಾನೊ ತೋಳಿಗೆ ಬಾಯಿ ಹಾಕಿದರು. ರೆಫರಿ ಸ್ಟೀವ್ ಬೆನೆಟ್ ಹಳದಿ ಕಾರ್ಡ್ ತೋರಿಸಿದರು. ರೆಫರಿ ಆಗಲೇ ಕ್ರಮ ಕೈಗೊಂಡಾಗಿದೆ ಎಂಬ ಕಾರಣಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ಅದರಾಚೆಗೆ ಏನೂ ಮಾಡಲಿಲ್ಲ. 2013ರ ಏಪ್ರಿಲ್‌ನಲ್ಲಿ ಆ್ಯನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್‌ನ ಲೂಯಿಸ್ ಸುವಾರೆಸ್ ಚೆಲ್ಸಿಯ ಬ್ರಾನಿಸ್ಲಾವ್ ಇವಾನೊವಿಚ್ ಅವರ ತೋಳನ್ನು ಕಚ್ಚಿದರು. ರೆಫರಿ ಕೆವಿನ್ ಫ್ರೆಂಡ್ ಕಣ್ಣಿಗೆ ಅದು ಬೀಳಲಿಲ್ಲ. ಸುವಾರೆಸ್ ಮೈದಾನದಲ್ಲೇ ಉಳಿದು ಕೊನೇ ಗಳಿಗೆಯಲ್ಲಿ ಗೋಲು ಹೊಡೆದು 2-2 ಮಾಡಿದರು. ಆಮೇಲೆ ಎಫ್‌ಎ ವಿಡಿಯೊ ನೋಡಿತು. ಹತ್ತು ಪಂದ್ಯ ನಿಷೇಧ.

ಸುವಾರೆಸ್ 2010ರಲ್ಲಿ ಅಯಾಕ್ಸ್ ಪರ ಆಡುವಾಗಲೂ ಎದುರಾಳಿಯನ್ನು ಕಚ್ಚಿ ಏಳು ಪಂದ್ಯ ಹೊರಗಿದ್ದವರು, ನಿಜ. ಡೆಫೊ ಕಚ್ಚಿದ್ದು ಅಷ್ಟು ಗಟ್ಟಿಯಾಗಿರಲಿಲ್ಲ ಎಂದೂ ಹೇಳಬಹುದು. ಇದನ್ನೆಲ್ಲ ಒಪ್ಪಿದರೂ ಸೊನ್ನೆಗೂ ಹತ್ತಕ್ಕೂ ನಡುವಿನ ಅಂತರ ತುಂಬುವುದಿಲ್ಲ. ಬೆನೆಟ್ ಕಣ್ಣಿಗೆ ಅದು ಬೀಳದೇ, ಆ ಹಳದಿ ಕಾರ್ಡ್ ತೋರಿಸದೇ ಇದ್ದಿದ್ದರೆ ಡೆಫೊ ಮೇಲೆ ವಿಚಾರಣೆ ನಡೆಸಲು ದಾರಿ ಇರುತ್ತಿತ್ತು. ಸಣ್ಣ ಶಿಕ್ಷೆಯೇ ದೊಡ್ಡ ಶಿಕ್ಷೆಗೆ ಅಡ್ಡ ನಿಂತಿತು.

ಇಂಥ ನಿಯಮ ಯಾಕಿದೆ? ಆಟದ ಐದನೇ ನಿಯಮದ ಪ್ರಕಾರ, ಪಂದ್ಯದಲ್ಲಿ ನಡೆದದ್ದರ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ. ಶನಿವಾರ ಕೊಟ್ಟ ಪ್ರತಿ ಕಾರ್ಡನ್ನೂ ಸೋಮವಾರ ಕಚೇರಿಯಲ್ಲಿ ಕೂತು ತಿದ್ದುತ್ತಾ ಹೋದರೆ ಪಂದ್ಯಕ್ಕೆ ಕೊನೆಯೇ ಇರುವುದಿಲ್ಲ ಎಂಬ ಭಯ ಇದರ ಹಿಂದಿದೆ. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಬೆಲೆ ತೆತ್ತವರೂ ಇದ್ದಾರೆ.

ಸುವಾರೆಸ್ ಕಚ್ಚುವುದಕ್ಕೆ ಐದು ವಾರ ಮೊದಲು, 2013ರ ಮಾರ್ಚ್ 17ರಂದು, ವಿಗಾನ್‌ನ ಕ್ಯಾಲಮ್ ಮೆಕ್‌ಮನಮನ್ ನ್ಯೂಕ್ಯಾಸಲ್‌ನ ಮಸಾದಿಯೊ ಹೈದಾರಾ ಮೇಲೆ ಎರಗಿದ ಟ್ಯಾಕಲ್ ನೋಡಿದವರು ಅದನ್ನು ಮರೆತಿರಲಾರರು. ಬೂಟಿನ ತಳ ನೇರವಾಗಿ ಹೈದಾರಾ ಮೊಣಕಾಲಿಗೆ ಬಡಿಯಿತು. ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಬೇಕಾಯಿತು. ಮೆಕ್‌ಮನಮನ್‌ಗೆ ಒಂದು ಕಾರ್ಡೂ ಇಲ್ಲ. ಪಂದ್ಯದ ಅಧಿಕಾರಿಗಳಲ್ಲಿ ಒಬ್ಬರಾದರೂ ಇಬ್ಬರು ಆಟಗಾರರು ಒಟ್ಟಿಗೆ ಬಂದದ್ದನ್ನು ನೋಡಿದ್ದಾರೆ, ಹೊಡೆತ ಪೂರ್ತಿ ಕಾಣದಿದ್ದರೂ ನೋಡಿದಂತೆಯೇ ಲೆಕ್ಕ, ಹಾಗಾಗಿ ಕ್ರಮ ಇಲ್ಲ ಎಂದು ಎಫ್‌ಎ ಹೇಳಿತು. ತಿಂಗಳೊಪ್ಪತ್ತಿನಲ್ಲಿ ಅದೇ ಸಂಸ್ಥೆ ಒಬ್ಬರಿಗೆ ಹತ್ತು ಪಂದ್ಯ, ಇನ್ನೊಬ್ಬರಿಗೆ ಸೊನ್ನೆ ಕೊಟ್ಟಿತು. ಮೊಣಕಾಲು ಹಾಳಾದರೆ ಆಟಗಾರನ ಅನ್ನವೇ ಹೋಗುತ್ತದೆ. ನ್ಯೂಕ್ಯಾಸಲ್ ಅಭಿಮಾನಿಗಳ ಸಿಟ್ಟಿನಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಅಧಿಕಾರಿಗಳಿಗೆ ಸರಿಯಾಗಿ ಕಾಣದ ಹಿಂಸೆಯ ಮೇಲೆ ನಂತರವೂ ಕ್ರಮ ಕೈಗೊಳ್ಳುವಂತೆ ಅದೇ ವರ್ಷ ಎಫ್‌ಎ ನಿಯಮ ಸಡಿಲಿಸಿತು. ಆ ಸಿಟ್ಟಿಗೆ ಅಷ್ಟು ಫಲ ಸಿಕ್ಕಿತು.

ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಬಂದ ಮೇಲೆ ಇದೆಲ್ಲ ಸರಿಹೋಗಬೇಕಿತ್ತಲ್ಲ ಎಂದು ಕೇಳಬಹುದು. ನೇರ ಕೆಂಪು ಕಾರ್ಡ್‌ಗಳ ಮಟ್ಟಿಗೆ ಎಷ್ಟೋ ಸರಿಹೋಗಿದೆ. ಹಳದಿ ಕಾರ್ಡ್‌ಗಳಲ್ಲಿ ಹಾಗಾಗಿಲ್ಲ. 2024ರ ಆಗಸ್ಟ್ 31ರಂದು ಆರ್ಸೆನಲ್–ಬ್ರೈಟನ್ ಪಂದ್ಯದಲ್ಲಿ, ಒಂದು ಹಳದಿ ಕಾರ್ಡ್ ಪಡೆದಿದ್ದ ಡೆಕ್ಲನ್ ರೈಸ್ ಫ್ರೀಕಿಕ್ ತೆಗೆದುಕೊಳ್ಳಲು ಬಂದ ಎದುರಾಳಿಯ ಮುಂದೆ ಚೆಂಡನ್ನು ಕಾಲಿನಿಂದ ಚೂರು ಆಚೆ ತಳ್ಳಿದರು. ಎರಡನೇ ಹಳದಿ, ಮೈದಾನದಿಂದ ಹೊರಕ್ಕೆ. ಅದೇ ಪಂದ್ಯದ ಮೊದಲಾರ್ಧದಲ್ಲಿ ಬ್ರೈಟನ್‌ನ ಜೊವಾವ್ ಪೆದ್ರೊ ಆಟ ನಿಂತಾಗ ಚೆಂಡನ್ನು ಜೋರಾಗಿ ದೂರಕ್ಕೆ ಒದ್ದಿದ್ದರು, ಅವರಿಗೆ ಕಾರ್ಡ್ ಬಂದಿರಲಿಲ್ಲ. ರೈಸ್ ಹೋದ ಮೇಲೆ ಸಮಬಲದ ಗೋಲು ಹೊಡೆದವರೂ ಪೆದ್ರೊ ಅವರೇ. ಆಟ ಮತ್ತೆ ಶುರುವಾಗುವುದನ್ನು ತಡೆದರೆ ಹಳದಿ ಕಾರ್ಡ್ ಎಂದು ನಿಯಮವೇ ಹೇಳುವುದರಿಂದ ರೈಸ್ ಕಾರ್ಡ್ ಸರಿಯೇ. ತಪ್ಪಾದದ್ದು ಪೆದ್ರೊಗೆ ಕೊಡದೇ ಬಿಟ್ಟದ್ದರಲ್ಲಿ. ಆಗಿನ ನಿಯಮದಲ್ಲಿ ಎರಡನೇ ಹಳದಿಯನ್ನು ವಿಎಆರ್ ಪರಿಶೀಲಿಸುವಂತಿರಲಿಲ್ಲ, ಕ್ಲಬ್ ಮೇಲ್ಮನವಿ ಹೋಗಲೂ ದಾರಿ ಇರಲಿಲ್ಲ. ಟಾಟನ್‌ಹ್ಯಾಮ್ ವಿರುದ್ಧದ ಮುಂದಿನ ಪಂದ್ಯಕ್ಕೆ ರೈಸ್ ಇಲ್ಲವಾದರು.

ಇದು ಮೈದಾನದ ಕತೆ. ಸಮಿತಿಯ ಕೋಣೆಗೆ ಹೋದರೆ ಇನ್ನೊಂದು ಕಾರಣ ಸಿಗುತ್ತದೆ, ಅದು ವಿವೇಚನಾಧಿಕಾರ. ನನ್ನ ಮಟ್ಟಿಗೆ ಅಭಿಮಾನಿಗಳ ಅನುಮಾನ ಹೆಚ್ಚು ನ್ಯಾಯವಾಗಿರುವುದು ಇಲ್ಲೇ. 2025ರ ನವೆಂಬರ್ 13ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಡಾರಾ ಒಶೇ ಅವರಿಗೆ ಮೊಣಕೈಯಿಂದ ಹೊಡೆದರು. ಮೊದಲು ಹಳದಿ, ವಿಎಆರ್ ನೋಡಿದ ಮೇಲೆ ಕೆಂಪು. ಮೊಣಕೈ ಹೊಡೆತಕ್ಕೆ ಕನಿಷ್ಠ ಮೂರು ಪಂದ್ಯ ಎಂದು ಫಿಫಾ ಶಿಸ್ತು ಸಂಹಿತೆಯಲ್ಲೇ ಇದೆ. ಫಿಫಾ ಮೂರು ಪಂದ್ಯವನ್ನೇ ವಿಧಿಸಿತು, ಆದರೆ 27ನೇ ಕಲಂ ಬಳಸಿ ಎರಡನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು, ಅಂದರೆ ಆ ಅವಧಿಯಲ್ಲಿ ಅಂಥದೇ ತಪ್ಪು ಮತ್ತೆ ಮಾಡಿದರೆ ಮಾತ್ರ ಅವು ಜಾರಿಗೆ ಬರುತ್ತವೆ. ಒಂದು ಪಂದ್ಯವನ್ನು ಅವರು ಅರ್ಮೇನಿಯ ಎದುರು ಆಗಲೇ ತಪ್ಪಿಸಿಕೊಂಡಿದ್ದರು. ಹಾಗಾಗಿ ವಿಶ್ವಕಪ್‌ನ ಮೊದಲ ಪಂದ್ಯಕ್ಕೇ ದಾರಿ ತೆರೆಯಿತು. 226 ಪಂದ್ಯ ಆಡಿ ಪೋರ್ಚುಗಲ್ ಪರ ಮೊದಲ ಕೆಂಪು ಕಾರ್ಡ್ ಎಂಬುದು ಪರಿಗಣಿಸಬೇಕಾದ ಮಾತು, ಒಪ್ಪುತ್ತೇನೆ. ಆದರೆ ಅಷ್ಟು ಹೆಸರಿಲ್ಲದ ಸಣ್ಣ ದೇಶದ ಡಿಫೆಂಡರ್ ಒಬ್ಬನಿಗೂ ಈ ಕಲಂ ಇಷ್ಟೇ ಸಲೀಸಾಗಿ ಒದಗುತ್ತದೆ ಎಂದು ನಂಬುವುದು ಕಷ್ಟ.

ನಮ್ಮಲ್ಲೂ ಇದೇ ಗೋಳು. 2012ರ ಡಿಸೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಅರ್ಧಕ್ಕೇ ಆಟ ಬಿಟ್ಟ ಮೋಹನ್ ಬಗಾನ್ ಕ್ಲಬ್ಬನ್ನು ಐ-ಲೀಗ್‌ನಿಂದಲೇ ಹೊರಹಾಕಿದರು, ಕೆಲವೇ ವಾರಗಳಲ್ಲಿ ನಿಷೇಧ ತೆಗೆದು 2 ಕೋಟಿ ರೂಪಾಯಿ ದಂಡ ಮತ್ತು ಅಂಕ ಕಡಿತಕ್ಕೆ ಇಳಿಸಿದರು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಹೊರನಡೆಯಿತು. ಅವರಿಗೆ 4 ಕೋಟಿ ದಂಡ, ಕೋಚ್ ಇವಾನ್ ವುಕೊಮಾನೊವಿಚ್‌ಗೆ ಹತ್ತು ಪಂದ್ಯ ನಿಷೇಧ. ಬೆಂಗಳೂರು ಎಫ್‌ಸಿ ಕಡೆಯವರಿಗೆ ಅದು ಸರಿ ಎನಿಸಿತು, ಕೊಚ್ಚಿಯವರಿಗೆ ಅನ್ಯಾಯ ಎನಿಸಿತು.

ಎಲ್ಲ ರೆಫರಿಗಳೂ ಎಲ್ಲವನ್ನೂ ಒಂದೇ ಸಮನಾಗಿ ನೋಡಲಿ ಎಂದು ಕೇಳಿದರೆ ಅದು ಆಗುವ ಮಾತಲ್ಲ. ಸಮಿತಿಗಳನ್ನು ಮಾತ್ರ ಕೇಳಬಹುದು: ಶಿಕ್ಷೆಯ ಜೊತೆಗೆ ಕಾರಣವನ್ನೂ ಬರೆದು ಪ್ರಕಟಿಸಿ. ಪ್ಯಾಟ್ರಿಸ್ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ ಪ್ರಕರಣದಲ್ಲಿ ಇದೇ ಸುವಾರೆಸ್‌ಗೆ ಎಂಟು ಪಂದ್ಯ ನಿಷೇಧ ಹಾಕಿದಾಗ, 2011ರ ಕೊನೇ ದಿನ ಎಫ್‌ಎ 115 ಪುಟಗಳ ತೀರ್ಪನ್ನು ಹೊರಗಿಟ್ಟಿತು. ಯಾರ ಮಾತನ್ನು ಯಾಕೆ ನಂಬಿದೆವು, ಎಂಟು ಎಂಬ ಸಂಖ್ಯೆಗೆ ಹೇಗೆ ಬಂದೆವು ಎಂಬುದೆಲ್ಲ ಅದರಲ್ಲಿತ್ತು. ಲಿವರ್‌ಪೂಲ್ ಕಡೆಯವರು ಆಗಲೂ ಒಪ್ಪಲಿಲ್ಲ. ಆದರೆ ಯಾವ ಪುಟದ ಯಾವ ಮಾತನ್ನು ಒಪ್ಪುವುದಿಲ್ಲ ಎಂದು ಅವರು ಬೆರಳಿಟ್ಟು ತೋರಿಸಬಹುದಿತ್ತು.