ಗೆರೆ ಎಳೆಯುವ ಮೊದಲು ಟೇಪು ಹಿಡಿಯಿರಿ

ಪಿಯುಸಿ ಮುಗಿಸಿ, ನಾಟಾ ಪ್ರವೇಶ ಪರೀಕ್ಷೆ ಬರೆದು ವಾಸ್ತುಶಿಲ್ಪದ ಪದವಿಯಾದ ಬಿ.ಆರ್ಕ್ ಸೇರುವ ಹುಡುಗ ಹುಡುಗಿಯರಿಗೆ ಒಂದು ಮನೆ ಬರೆಯಿರಿ ಅಂದರೆ ಹೆಚ್ಚಿನವರು ಮನೆಯ ಮುಂಭಾಗ ಬರೆಯುತ್ತಾರೆ. ಎತ್ತರದ ಗಾಜು, ಚಾಚಿಕೊಂಡ ಬಾಲ್ಕನಿ, ಪಕ್ಕದಲ್ಲೊಂದು ತೆಂಗಿನಮರ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಮೆಟ್ಟಿಲು ಎಲ್ಲಿಂದ ಹತ್ತುತ್ತದೆ, ಸಂಜೆ ಬಿಸಿಲು ಯಾವ ಕೋಣೆಗೆ ನುಗ್ಗುತ್ತದೆ, ಛಾವಣಿಯ ಭಾರ ಯಾವ ಗೋಡೆಯ ಮೇಲೆ ಇಳಿಯುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಅವರ ತಪ್ಪಲ್ಲ. ವಾಸ್ತುಶಿಲ್ಪ ಅಂದರೆ ಹೊರಗಿನ ಅಂದ ಅಂತಲೇ ಎಲ್ಲರೂ ಹೇಳಿಕೊಟ್ಟಿರುತ್ತೇವೆ. ನನ್ನ ಪ್ರಕಾರ ಈ ಕಲಿಕೆ ಶುರುವಾಗಬೇಕಾದದ್ದು ಪೆನ್ಸಿಲ್‌ನಿಂದಲ್ಲ, ಅಳತೆ ಟೇಪಿನಿಂದ. ಮನುಷ್ಯನ ಮೈ, ಸೂರ್ಯ ಮತ್ತು ಭಾರ, ಈ ಮೂರನ್ನು ಅಳೆಯಲು ಕಲಿತ ಮೇಲೆ ಗೆರೆಗಳಿಗೆ ಅರ್ಥ ಬರುತ್ತದೆ.

ಇದಕ್ಕೆ ನಮ್ಮದೇ ದೇಶದ ಒಂದು ಒಳ್ಳೆಯ ಉದಾಹರಣೆ ಇದೆ. ವಿನ್ಯಾಸ ಶಿಕ್ಷಣ ಹೇಗಿರಬೇಕು ಎಂದು ಸಲಹೆ ಕೇಳಲು ಭಾರತ ಸರ್ಕಾರ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಕರೆಸಿತ್ತು. ಅವರು ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಗಿದ್ದಕ್ಕೆ ಆ ವರದಿಯೇ ಬುನಾದಿ. ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಅತಿ ಹೆಚ್ಚು ಮೆಚ್ಚಿ ಬರೆದದ್ದು ಅರಮನೆಯನ್ನಲ್ಲ, ದೇವಸ್ಥಾನವನ್ನಲ್ಲ. ನಮ್ಮ ಬಚ್ಚಲಲ್ಲೂ ಅಡುಗೆಮನೆಯಲ್ಲೂ ಇರುವ ಚೊಂಬನ್ನು!

ಚೊಂಬನ್ನು ಇವತ್ತು ಹೊಸದಾಗಿ ಮಾಡಬೇಕಾದರೆ ಏನೇನು ಯೋಚಿಸಬೇಕು ಎಂದು ಅವರು ಒಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟರು. ಒಂದು ಸಲಕ್ಕೆ ಎಷ್ಟು ನೀರು ತರಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು, ಅದಕ್ಕೆಷ್ಟು ಬಲ? ತಲೆಯ ಮೇಲೆ ಹೊರುತ್ತಾರೋ, ಸೊಂಟದ ಮೇಲೋ? ಖಾಲಿ ಇದ್ದಾಗ ತೂಕ ಎಲ್ಲಿ ಕೂರುತ್ತದೆ, ತುಂಬಿದಾಗ ಎಲ್ಲಿ, ಬಗ್ಗಿಸಿ ಸುರಿಯುವಾಗ ಎಲ್ಲಿ? ಒಳಗೆ ಬಿಸಿ ಇದ್ದರೆ ಹಿಡಿಯಲಾಗುತ್ತದೆಯೇ? ತೊಳೆಯಲು ಸುಲಭವೇ? ಬೆಲೆ ಎಷ್ಟಾಗುತ್ತದೆ? ಇನ್ನೂ ಎಷ್ಟೋ ಇವೆ. ಯಾವೊಬ್ಬರೂ ಕೂತು ಚೊಂಬನ್ನು ವಿನ್ಯಾಸ ಮಾಡಲಿಲ್ಲ, ತಲೆಮಾರುಗಳ ಕೈಗಳು ಅದನ್ನು ತಿದ್ದುತ್ತಾ ಬಂದವು ಎಂದೂ ಅವರು ಹೇಳಿದರು. ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅಳೆದು, ತೂಗಿ, ಬಳಸಿ ನೋಡಿದರೆ ಸಿಗುತ್ತದೆ. ಅಂದ ಚೆಂದದ ಮಾತು ಅಲ್ಲಿಂದ ಮುಂದಿನದು.

ಈಗ ಇದನ್ನೇ ಮನೆಗೆ ಅನ್ವಯಿಸಿ ನೋಡೋಣ. ನನಗೆ ಮೆಟ್ಟಿಲಿಗಿಂತ ಒಳ್ಳೆಯ ಮೊದಲ ಪಾಠ ಗೊತ್ತಿಲ್ಲ. ಮೆಟ್ಟಿಲಿಗೆ ಇರುವುದು ಎರಡೇ ಅಳತೆ. ಒಂದು, ಪ್ರತಿ ಮೆಟ್ಟಿಲ ಎತ್ತರ. ಇನ್ನೊಂದು, ಕಾಲಿಡುವ ಜಾಗದ ಅಗಲ. ಸೈಟಿನಲ್ಲಿ ಇವನ್ನು ರೈಸರ್, ಟ್ರೆಡ್ ಅನ್ನುತ್ತಾರೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ ಇವೆರಡಕ್ಕೂ ಇರುವ ಸಂಬಂಧವನ್ನು ಹೆಜ್ಜೆಯ ಉದ್ದದಿಂದ ಲೆಕ್ಕ ಹಾಕಿದ. ಮೇಲೆ ಹತ್ತುವುದು ಸಮನೆಲದಲ್ಲಿ ನಡೆಯುವುದಕ್ಕಿಂತ ಜಾಸ್ತಿ ಶ್ರಮ. ಹಾಗಾಗಿ ಎತ್ತರವನ್ನು ಎರಡು ಪಟ್ಟು ಎಣಿಸಬೇಕು, ಅದಕ್ಕೆ ಅಗಲ ಕೂಡಿಸಬೇಕು, ಮೊತ್ತ ಒಂದು ಹೆಜ್ಜೆಯಷ್ಟಿರಬೇಕು. ಇವತ್ತಿನ ಲೆಕ್ಕದಲ್ಲಿ ಅದು 60ರಿಂದ 65 ಸೆಂಟಿಮೀಟರ್.

ಒಂದು ಅಂತಸ್ತಿನ ಎತ್ತರ 3 ಮೀಟರ್ ಅಂತ ಇಟ್ಟುಕೊಳ್ಳಿ. 15 ಸೆಂ.ಮೀ. ಎತ್ತರದ ಮೆಟ್ಟಿಲಾದರೆ 20 ಸಲ ಕಾಲೆತ್ತಬೇಕು. ಅಗಲ 30 ಸೆಂ.ಮೀ. ಕೊಟ್ಟರೆ ಮೊತ್ತ ಸರಿಯಾಗಿ 60. ಹತ್ತಲು ಬಲು ಆರಾಮ. ಆದರೆ ಮೆಟ್ಟಿಲನ್ನು ನೇರವಾಗಿ ಕಟ್ಟಿದರೆ 5.7 ಮೀಟರ್ ಉದ್ದವಾಗುತ್ತದೆ. 30-40 ಸೈಟಿನಲ್ಲಿ ಅಷ್ಟು ಜಾಗ ಯಾರು ಬಿಡುತ್ತಾರೆ? ಸರಿ, 16 ಸಲಕ್ಕೆ ಇಳಿಸೋಣ. ಎತ್ತರ 18.75 ಆಯಿತು, ಅಗಲ 25, ಉದ್ದ 3.75 ಮೀಟರ್. ಮೊತ್ತ 62.5, ಪರವಾಗಿಲ್ಲ. ಇನ್ನೂ ಜಾಗ ಉಳಿಸಬೇಕು ಅಂತ ಒತ್ತಾಯ ಬರುತ್ತದೆ. ಎತ್ತರ 20, ಅಗಲ 22 ಮಾಡಿದರೆ 3.08 ಮೀಟರಿನಲ್ಲೇ ಮುಗಿಯುತ್ತದೆ. ಮೊತ್ತ 62, ಬ್ಲೊಂಡೆಲ್ ಲೆಕ್ಕದಲ್ಲಿ ಪಾಸು. ಆದರೆ ಮಂಡಿನೋವಿರುವ ಅಜ್ಜಿ ದಿನಾ ಅದನ್ನು ಹತ್ತಬೇಕು. ಇಳಿಯುವಾಗ 22 ಸೆಂ.ಮೀ. ಅಗಲದಲ್ಲಿ ದೊಡ್ಡವರ ಪಾದ ಪೂರ್ತಿ ಕೂರುವುದೂ ಇಲ್ಲ. ಅದಕ್ಕೇ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿಗೆ ಎತ್ತರ 19 ಸೆಂ.ಮೀ. ದಾಟಬಾರದು, ಅಗಲ 25ಕ್ಕಿಂತ ಕಡಿಮೆ ಆಗಬಾರದು ಎನ್ನುತ್ತದೆ. ಸೂತ್ರ ಸರಿಯಿದ್ದ ಮಾತ್ರಕ್ಕೆ ಮೆಟ್ಟಿಲು ಸರಿಯಿರಬೇಕು ಅಂತೇನಿಲ್ಲ ಎಂಬುದನ್ನು ವಿದ್ಯಾರ್ಥಿ ಇಲ್ಲೇ ಕಲಿಯುತ್ತಾನೆ.

ಇನ್ನೊಂದು ವಿಷಯ, ಪುಸ್ತಕಕ್ಕಿಂತ ಸೈಟಿನಲ್ಲಿ ಬೇಗ ಕಾಣುವಂಥದ್ದು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲಿಗೆ ಎತ್ತರದ ಅಂದಾಜು ಸಿಕ್ಕಿಬಿಡುತ್ತದೆ. ಆಮೇಲೆ ಯಾರೂ ಕೆಳಗೆ ನೋಡುವುದಿಲ್ಲ. ನಡುವೆ ಒಂದು ಮೆಟ್ಟಿಲು ಎರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೂ ಮುಗ್ಗರಿಸುತ್ತೇವೆ. ಕಾಂಕ್ರೀಟ್ ಹಾಕುವಾಗ ಎಲ್ಲ ಸಮ ಇದ್ದರೂ, ಆಮೇಲೆ ಕೆಳಗಿನ ಹಾಲಿಗೆ ದಪ್ಪನೆಯ ಗ್ರಾನೈಟ್ ಹಾಸಿದಾಗ ಮೊದಲ ಮೆಟ್ಟಿಲು ಗಿಡ್ಡವಾಗುತ್ತದೆ. ಮೇಲೆ ಟೈಲ್ಸ್ ಹಾಕಿದಾಗ ಕೊನೆಯದು ಎತ್ತರವಾಗುತ್ತದೆ. ನೆಲಕ್ಕೆ ಏನು ಹಾಸುತ್ತೇವೆ ಎಂದು ಮೆಟ್ಟಿಲು ಕಟ್ಟುವ ಮೊದಲೇ ತೀರ್ಮಾನಿಸಿರಬೇಕು. ಒಳ್ಳೆಯ ಮೇಸ್ತ್ರಿ ಇದನ್ನು ಕೇಳಿಯೇ ಕೆಲಸ ಶುರು ಮಾಡುತ್ತಾನೆ.

ಇನ್ನು ಸೂರ್ಯ. ಯುರೋಪಿನ ಪುಸ್ತಕಗಳನ್ನು ಓದಿದವರಿಗೆ ಉತ್ತರದ ಕಿಟಕಿ ಅಂದರೆ ಬಿಸಿಲೇ ಬೀಳದ ಕಿಟಕಿ ಎಂಬ ಭಾವನೆ ಇರುತ್ತದೆ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದ ಕಡೆಗೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅವತ್ತು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಮೇಲೆ ಉತ್ತರಕ್ಕೆ ಸರಿದವನು ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಹೋಗುತ್ತಾನೆ. ಅಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ನಮ್ಮ ಉತ್ತರದ ಗೋಡೆಗೂ ಮಧ್ಯಾಹ್ನದ ಬಿಸಿಲು ತಾಗುತ್ತದೆ.

ಕಿಟಕಿಯ ಮೇಲಿನ ಸಜ್ಜಾ ಎಷ್ಟು ಚಾಚಬೇಕು ಎಂಬುದು ಈ ಲೆಕ್ಕದಿಂದಲೇ ಬರಬೇಕು. ಡಿಸೆಂಬರ್ 21ರಂದು ಬೆಂಗಳೂರಿನ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 4 ಅಡಿ ಎತ್ತರದ ಕಿಟಕಿಗೆ ಪೂರ್ತಿ ನೆರಳು ಬೇಕಾದರೆ 3 ಅಡಿ ಸಜ್ಜಾ ಸಾಕು. ಜೂನ್ 21ರಂದು ಉತ್ತರದಲ್ಲಿ ಸುಮಾರು 79 ಡಿಗ್ರಿ ಎತ್ತರ, ಒಂದು ಅಡಿಯೂ ಬೇಡ. ಈಗ ಪಶ್ಚಿಮಕ್ಕೆ ಬನ್ನಿ. ಮಾರ್ಚ್ 21ರ ಸಂಜೆ ಐದಕ್ಕೆ ಸೂರ್ಯ ಸುಮಾರು 21 ಡಿಗ್ರಿಗೆ ಇಳಿದಿರುತ್ತಾನೆ. ಅದೇ 4 ಅಡಿ ಕಿಟಕಿಗೆ 10 ಅಡಿಗಿಂತ ಉದ್ದದ ಸಜ್ಜಾ ಬೇಕಾಗುತ್ತದೆ! ಯಾರೂ ಅದನ್ನು ಕಟ್ಟುವುದಿಲ್ಲ. ಆದರೂ ನಾಲ್ಕೂ ದಿಕ್ಕಿಗೆ ಒಂದೇ ಅಳತೆಯ ಎರಡಡಿ ಸಜ್ಜಾ ಕೊಟ್ಟ ಮನೆಗಳು ಪ್ರತಿ ಬಡಾವಣೆಯಲ್ಲೂ ಇವೆ. ಆ ಮನೆಗಳ ಪಶ್ಚಿಮದ ಮಲಗುವ ಕೋಣೆ ರಾತ್ರಿ ಹತ್ತಾದರೂ ಬಿಸಿ ಕಾರುತ್ತಿರುತ್ತದೆ. ಹಗಲು ಕುಡಿದ ಶಾಖವನ್ನು ಗೋಡೆ ನಿಧಾನವಾಗಿ ಒಳಗೆ ಬಿಡುತ್ತದೆ, ಅಷ್ಟೇ. ಪಶ್ಚಿಮಕ್ಕೆ ಬೇಕಾದದ್ದು ಮರ, ತೂತುಗಳಿರುವ ಜಾಲಿ ಗೋಡೆ, ನಿಲುವಾದ ಪಟ್ಟಿಗಳು ಅಥವಾ ಆಳವಾದ ಜಗಲಿ. ಮೆಟ್ಟಿಲನ್ನೋ ಸ್ಟೋರ್ ರೂಮನ್ನೋ ಆ ಕಡೆ ಇಟ್ಟರೆ ಇನ್ನೂ ಒಳ್ಳೆಯದು.

ಬಿಸಿಲನ್ನು ಬಲ್ಲವರು ಅದನ್ನು ಬರೀ ತಡೆಯುವುದಿಲ್ಲ, ಬಳಸಿಯೂ ತೋರಿಸುತ್ತಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅನ್ನು ವಿನ್ಯಾಸ ಮಾಡಿದವರು ಬಿ.ವಿ. ದೋಷಿ. 2018ರಲ್ಲಿ, ವಾಸ್ತುಶಿಲ್ಪಿಗಳಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಅಲ್ಲಿನ ಉದ್ದನೆಯ ಕಲ್ಲಿನ ಓಣಿಗಳಲ್ಲಿ ಕೆಲವು ಕಡೆ ಮೇಲೆ ಮುಚ್ಚಿದೆ, ಕೆಲವು ಕಡೆ ತೊಲೆಗಳ ಸಾಲಷ್ಟೇ ಇದೆ. ಗಂಟೆ ಗಂಟೆಗೂ ನೆರಳಿನ ಪಟ್ಟಿಗಳು ನೆಲದ ಮೇಲೆ ಜಾಗ ಬದಲಿಸುತ್ತವೆ. ಬೆಂಗಳೂರಿನ ಹವೆಗೆ ನಾಲ್ಕು ಗೋಡೆಯ ಮುಚ್ಚಿದ ಕಾರಿಡಾರ್ ಬೇಕಿಲ್ಲ ಎಂಬ ಸರಳ ತಿಳಿವಳಿಕೆ ಆ ಚೆಲುವಿನ ಹಿಂದಿದೆ.

ಭಾರದ ಪಾಠಕ್ಕೆ ಒಂದು ಹಳೆಯ ನ್ಯೂಸ್ ಪೇಪರ್ ಸಾಕು. 1919ರಲ್ಲಿ ಜರ್ಮನಿಯಲ್ಲಿ ಶುರುವಾದ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಮೊದಲು ಒಂದು ಪ್ರಾಥಮಿಕ ತರಗತಿ ಮುಗಿಸಬೇಕಿತ್ತು. ಅಲ್ಲಿ ಪಾಠ ಮಾಡುತ್ತಿದ್ದ ಯೋಸೆಫ್ ಆಲ್ಬರ್ಸ್ ಒಮ್ಮೆ ಎಲ್ಲರಿಗೂ ನ್ಯೂಸ್ ಪೇಪರ್ ಹಂಚಿ, ಇದರಲ್ಲಿ ಏನಾದರೂ ಮಾಡಿ ಎಂದು ಹೇಳಿ ಹೊರಟುಹೋದರಂತೆ. ಮರಳಿ ಬಂದಾಗ ಕೋಟೆ, ದೋಣಿ ಎಲ್ಲ ತಯಾರಾಗಿದ್ದವು. ಅವರು ಮೆಚ್ಚಿದ್ದು ಮಾತ್ರ ಉದ್ದಕ್ಕೆ ಮಡಿಚಿ ನಿಲ್ಲಿಸಿದ್ದ ಒಂದು ಹಾಳೆಯನ್ನು. ಆ ತರಗತಿಯಲ್ಲಿದ್ದ ವಿದ್ಯಾರ್ಥಿಯೊಬ್ಬರೇ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಮೆತ್ತಗಿನ ಕಾಗದ ಬರೀ ಒಂದು ಮಡಿಕೆಯಿಂದ ತನ್ನ ಅಂಚಿನ ಮೇಲೆ ತಾನೇ ನಿಂತಿತ್ತು. ವಸ್ತು ಬದಲಾಗಿರಲಿಲ್ಲ, ಆಕಾರ ಬದಲಾಗಿತ್ತು.

ಇದರ ಲೆಕ್ಕವನ್ನು ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲಿನಲ್ಲೇ ನೋಡಬಹುದು. 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಸ್ಕೇಲನ್ನು ಎರಡು ಪುಸ್ತಕಗಳ ನಡುವೆ ಮಲಗಿಸಿ ಒತ್ತಿ, ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಈಗ ಅದು ನೂರು ಪಟ್ಟು ಗಟ್ಟಿ. ಬಾಗುವುದನ್ನು ತಡೆಯುವ ಶಕ್ತಿ ಅಗಲಕ್ಕೆ ತಕ್ಕಂತೆ ಅಷ್ಟಕ್ಕಷ್ಟೇ ಹೆಚ್ಚಿದರೆ, ಆಳದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಮನೆಯ ಬೀಮುಗಳು ಅಡ್ಡ ಮಲಗದೆ ಆಳಕ್ಕೆ ಇಳಿದಿರುವುದು ಇದೇ ಕಾರಣಕ್ಕೆ. ಕಲ್ಲಿನ ಕತೆ ಬೇರೆ. ಕಲ್ಲು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಉದ್ದನೆಯ ಕಲ್ಲಿನ ತೊಲೆ ಬಾಗಿದರೆ ಅದರ ಕೆಳಮೈ ಎಳೆದಂತಾಗಿ ಬಿರುಕು ಬಿಡುತ್ತದೆ. ಹಂಪಿಯ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವುದು ಅದಕ್ಕೇ. ವಿಜಯಪುರದ ಗೋಲಗುಮ್ಮಟದಲ್ಲಿ ನಡುವೆ ಒಂದೂ ಕಂಬವಿಲ್ಲ. ಅಲ್ಲಿ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಸುಮಾರು 44 ಮೀಟರ್ ವ್ಯಾಸದ ಗುಮ್ಮಟದ ಭಾರವನ್ನು ಹೊತ್ತು ಗೋಡೆಗೆ ಇಳಿಸುತ್ತವೆ.

ಇಷ್ಟನ್ನೂ ಕಾಗದದ ಮೇಲೆ ಒಟ್ಟಿಗೆ ತೋರಿಸುವ ಚಿತ್ರ ಒಂದಿದೆ, ಸೆಕ್ಷನ್. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದರೆ ಒಳಗೆ ಏನು ಕಾಣುತ್ತದೋ ಅದು. ಪ್ಲಾನ್ ಎಲ್ಲರೂ ಬೇಗ ಕಲಿಯುತ್ತಾರೆ, ಸೆಕ್ಷನ್ ಅಂದರೆ ಸುಮ್ನೆ ಭಯ ಪಡುತ್ತಾರೆ. ಮಲೆನಾಡಿನ ಒಂದು ತೊಟ್ಟಿಮನೆಯ ಸೆಕ್ಷನ್ ಬರೆದು ನೋಡಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಒಳಕ್ಕೆ ಇಳಿಜಾರಾದ ಹೆಂಚಿನ ಮಾಡು, ಅದರ ಕೆಳಗೆ ಕಂಬಗಳ ಜಗಲಿ, ಅದರ ಹಿಂದೆ ಕತ್ತಲು ಕೋಣೆ. ಮಳೆ ಎಲ್ಲಿ ಬೀಳುತ್ತದೆ, ಬೆಳಕು ಎಷ್ಟು ದೂರ ಬರುತ್ತದೆ, ಬಿಸಿಗಾಳಿ ಹೇಗೆ ಮೇಲೇರಿ ಹೋಗುತ್ತದೆ, ಎಲ್ಲ ಆ ಒಂದು ಚಿತ್ರದಲ್ಲಿ ಕಾಣುತ್ತದೆ. ಪ್ಲಾನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಅಲ್ವಾ?

ಹತ್ತಿರ ತೊಟ್ಟಿಮನೆ ಇಲ್ಲದಿದ್ದರೆ ನಿಮ್ಮ ಮನೆಯ ಅಡುಗೆಮನೆಯಿಂದ ಶುರು ಮಾಡಿ. ಅಡುಗೆ ಕಟ್ಟೆ ನೆಲದಿಂದ ಎಷ್ಟು ಎತ್ತರ ಇದೆ ಅಳೆಯಿರಿ. ಅಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲುವವರ ಮೊಣಕೈ ಎಷ್ಟು ಎತ್ತರದಲ್ಲಿದೆ ಅಂತಲೂ ಅಳೆಯಿರಿ. ತರಕಾರಿ ಹೆಚ್ಚುವ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗಿದ್ದರೆ ಹಿತ. ಒಲೆಯ ಮೇಲೆ ಪಾತ್ರೆ ಇಟ್ಟು ಕೈಯಾಡಿಸುವಾಗ ಕೈ ಎಲ್ಲಿಗೆ ಏರುತ್ತದೆ, ಮೇಲಿನ ಶೆಲ್ಫಿನ ಡಬ್ಬ ತೆಗೆಯಲು ಹಿಮ್ಮಡಿ ಎತ್ತಬೇಕಾಗುತ್ತದೆಯೇ, ಬೆಳಕು ಎದುರಿನಿಂದ ಬರುತ್ತದೋ ಅಥವಾ ಬೆನ್ನ ಹಿಂದಿನಿಂದ ಬಂದು ಕೆಲಸದ ಮೇಲೆ ಅವರದೇ ನೆರಳು ಬೀಳುತ್ತದೋ ಎಂದು ಬರೆದುಕೊಳ್ಳಿ. ಆಮೇಲೆ ಅವೆಲ್ಲ ಅಳತೆ ಹಾಕಿ, ಆ ವ್ಯಕ್ತಿಯನ್ನು ಕಟ್ಟೆಯ ಮುಂದೆ ನಿಲ್ಲಿಸಿ, 1:20 ಸ್ಕೇಲಿನಲ್ಲಿ, ಅಂದರೆ ನಿಜದ 20 ಸೆಂ.ಮೀ.ಗೆ ಕಾಗದದ ಮೇಲೆ 1 ಸೆಂ.ಮೀ.ನಂತೆ, ಒಂದು ಸೆಕ್ಷನ್ ಬರೆಯಿರಿ.