ಸಂಶೋಧನೆಯ ಗುಣಮಟ್ಟಕ್ಕೆ ರಾಷ್ಟ್ರೀಯ ಅಳತೆ: ಧಾರವಾಡದಿಂದ ಎರಡು ಉದಾಹರಣೆಗಳು

ಅಧ್ಯಾಪಕ ಹುದ್ದೆಯ ಅರ್ಹತೆಗೆ ನಡೆಯುವ ನೆಟ್ ಪರೀಕ್ಷೆಯ ಮೊದಲ ಪತ್ರಿಕೆಗೆ ಓದುವ ನಾವೆಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಶುರುವಾದದ್ದು 1994, ಅವುಗಳಿಗೆ ರಾಷ್ಟ್ರೀಯ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ 2015 ಎಂದು ಬಾಯಿಪಾಠ ಮಾಡಿರುತ್ತೇವೆ. ಆದರೆ ಇವೆರಡೂ ಸಂಸ್ಥೆಯನ್ನು ಇಡಿಯಾಗಿ ನೋಡುತ್ತವೆಯೇ ಹೊರತು, ಒಂದೊಂದು ವಿಷಯದ ಸಂಶೋಧನೆಯನ್ನು ತಜ್ಞರಿಂದ ಓದಿಸಿ ತೂಗುವುದಿಲ್ಲ. ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವರ್ಗದಲ್ಲಿ ಸಂಶೋಧನೆಗೆ ಶೇ 30ರಷ್ಟು ತೂಕವಿದ್ದರೂ, ಪ್ರಕಟಣೆ ಮತ್ತು ಉಲ್ಲೇಖಗಳ ಲೆಕ್ಕ ಬರುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಅಂತರರಾಷ್ಟ್ರೀಯ ಪ್ರಬಂಧ ದತ್ತಕೋಶಗಳಿಂದ.

ಓದಿ ತೂಗುವ ಪದ್ಧತಿಗೆ ಬ್ರಿಟನ್ನಿನದು ಹಳೆಯ ಮಾದರಿ. ಅಲ್ಲಿ 1986ರಲ್ಲಿ ಆರಂಭವಾದ ಮೌಲ್ಯಮಾಪನ ಈಗ ಆರ್‌ಇಎಫ್ (ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್) ಎಂಬ ಹೆಸರಿನಲ್ಲಿ ಮುಂದುವರಿದಿದ್ದು, 2021ರ ಸುತ್ತಿನಲ್ಲಿ 34 ವಿಷಯಘಟಕಗಳ ತಜ್ಞರು ಪ್ರಕಟಣೆಗಳಿಗೆ ಶೇ 60, ಸಮಾಜದ ಮೇಲಿನ ಪ್ರಭಾವಕ್ಕೆ ಶೇ 25, ಸಂಶೋಧನಾ ಪರಿಸರಕ್ಕೆ ಶೇ 15ರಷ್ಟು ತೂಕ ಕೊಟ್ಟರು. ಸರ್ಕಾರದ ಸಂಶೋಧನಾ ಅನುದಾನ ಈ ಫಲಿತಾಂಶವನ್ನು ಅನುಸರಿಸಿ ಹಂಚಿಕೆಯಾಗುತ್ತದೆ.

ಪ್ರಭಾವ ಎಂಬುದನ್ನು ನಮ್ಮ ಊರಿನ ಹತ್ತಿಯಿಂದಲೇ ತಿಳಿಯಬಹುದು. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದ ಹೈಬ್ರಿಡ್ ಹತ್ತಿ. ಇಂಥ ತಳಿಯ ಬೀಜ ತೆಗೆಯಲು ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಸಂಶೋಧನೆಯ ಫಲ ಇಲ್ಲಿ ಕಾಣುವುದು ಹೊಲದಲ್ಲಿ, ಕೂಲಿಯಲ್ಲಿ, ಮಾರುಕಟ್ಟೆಯಲ್ಲಿ. ಪ್ರಬಂಧಗಳನ್ನಷ್ಟೇ ಎಣಿಸುವ ವ್ಯವಸ್ಥೆಗೆ ಇದು ಕಾಣಿಸದು. ಆಗಿನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇರಲಿಲ್ಲ, ಅದು ಸ್ಥಾಪನೆಯಾದದ್ದು 1986ರಲ್ಲಿ. ಹಾಗಾಗಿ ಶ್ರೇಯಸ್ಸು ಯಾವ ಸಂಸ್ಥೆಯ ಖಾತೆಗೆ ಎಂಬ ಪ್ರಶ್ನೆಯೂ ಏಳುತ್ತದೆ. ಕಾಲಾವಧಿಯದು ಇನ್ನೊಂದು ತೊಡಕು. ಆರ್‌ಇಎಫ್ 2021ಕ್ಕೆ ಪ್ರಭಾವ 2013ರ ಆಗಸ್ಟ್ ನಂತರದ್ದಾಗಿರಬೇಕಿತ್ತು, ಆದರೆ ಅದರ ಮೂಲ ಸಂಶೋಧನೆ 2000ದಷ್ಟು ಹಿಂದಿನದಾಗಿದ್ದರೂ ಒಪ್ಪಿಗೆಯಿತ್ತು. ಮೂರು ವರ್ಷದ ಅಂಕಿಅಂಶ ಕೇಳುವ ನಮ್ಮ ರೂಢಿಗೆ ಹತ್ತಿಯ ತಳಿಯೊಂದು ಸಿಕ್ಕುವುದೇ ಇಲ್ಲ.

ಎರಡನೆಯ ಉದಾಹರಣೆ ಕಲ್ಲಿನ ಶಾಸನ. ಗದಗ ಸೀಮೆಯ ಲಕ್ಕುಂಡಿಯಂಥ ಊರಿನ ಸವೆದ ಕಲ್ಲಿನಿಂದ ಪಡಿಯಚ್ಚು (ಕಾಗದ ಒತ್ತಿ ತೆಗೆದ ನಕಲು) ತೆಗೆದು, ಶಕವರ್ಷ, ಸಂವತ್ಸರ, ತಿಥಿ, ವಾರಗಳು ತಾಳೆಯಾಗುತ್ತವೆಯೇ ಎಂದು ನೋಡಿ, ಮಾಸಿದ ಅಕ್ಷರಗಳು ಏನಿದ್ದಿರಬಹುದೆಂದು ಸೂಚಿಸಿ ಸಂಪುಟ ಹೊರತರುವುದು ವರ್ಷಗಟ್ಟಲೆಯ ಕೆಲಸ. ಅದು ಕನ್ನಡದ ಪುಸ್ತಕವಾಗಿ ಬಂದರೆ ದತ್ತಕೋಶದ ಲೆಕ್ಕದಲ್ಲಿ ಬಹುಮಟ್ಟಿಗೆ ಸೊನ್ನೆ.

ಹಾಗಾದರೆ ನಿಯತಕಾಲಿಕಗಳಿಗೆ ದರ್ಜೆ ಕೊಟ್ಟರೆ ಸಾಲದೇ ಎನ್ನುವವರು ಆಸ್ಟ್ರೇಲಿಯಾವನ್ನು ನೋಡಬೇಕು. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನವಾದ ಇಆರ್‌ಎ 2010ರಲ್ಲಿ ಎ-ಸ್ಟಾರ್, ಎ, ಬಿ, ಸಿ ಎಂಬ ದರ್ಜೆಪಟ್ಟಿಯನ್ನು ಬಳಸಿತು. ಮೇಲ್ದರ್ಜೆಯ ಪತ್ರಿಕೆಗಳಲ್ಲೇ ಬರೆಯಿರಿ ಎಂದು ಸಂಸ್ಥೆಗಳು ಅಧ್ಯಾಪಕರಿಗೆ ಗುರಿ ವಿಧಿಸತೊಡಗಿದ್ದರಿಂದ 2011ರಲ್ಲಿ ಅದನ್ನು ಕೈಬಿಡಲಾಯಿತು. ನಮ್ಮಲ್ಲಿ ಒಪ್ಪಿತ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತಿತು. ಪಟ್ಟಿ ಎಷ್ಟೇ ಚೆನ್ನಾಗಿರಲಿ, ಲೇಖನವನ್ನು ಓದುವ ಶ್ರಮವನ್ನು ಅದು ತಪ್ಪಿಸಲಾರದು ಎಂಬುದು ನನ್ನ ಅಭಿಪ್ರಾಯ.

ಆದರೆ ಓದುವವರು ಯಾರು? ಹಳಗನ್ನಡ ಶಾಸನ ಬಲ್ಲವರ ವಲಯ ಚಿಕ್ಕದು. ಪರಸ್ಪರ ಗುರುಶಿಷ್ಯರೋ ಸಹೋದ್ಯೋಗಿಗಳೋ ಆಗಿರುವುದು ಸಹಜ. ಆದ್ದರಿಂದ ಓದಿ ತೂಗುವ ಮೌಲ್ಯಮಾಪನ ನಮ್ಮಲ್ಲಿ ಬಂದರೆ, ಅದರ ತಜ್ಞರ ಮಂಡಳಿಯಲ್ಲಿ ಮೈಸೂರಿನ ಕೇಂದ್ರ ಶಾಸನ ವಿಭಾಗದವರನ್ನೂ, ತೆಲುಗು, ತಮಿಳು, ಮರಾಠಿ ಶಾಸನಗಳ ವಿದ್ವಾಂಸರನ್ನೂ ಸೇರಿಸಬೇಕು, ಮತ್ತು ತನ್ನ ವಿದ್ಯಾರ್ಥಿಯ ಕೃತಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕೆಂಬ ನಿಯಮವನ್ನು ಲಿಖಿತವಾಗಿಯೇ ಇಡಬೇಕು.